ಮುಳ್ಳುಕಾಡಿನಲ್ಲಿ ಕಬ್ಬಿಣದ ಗಾಲಿ

ಬುಸ್ಸ್...!

ಎಡಗಡೆಯ ಟೈರು ಹೋಯಿತು. ಜೀಪು ವಾಲಿತು. ಹಿಂದೆ ಅಡೆಮಾರ್‌ನ ಆಳುಗಳ ಪಿಕಪ್ ಸದ್ದು!

"ಪಂಕ್ಚರ್ ಆಗಲ್ಲ ಅಂದ್ಯಲ್ಲೋ ಎರ್ಲಾನ್!" ನೆಲ್ವಿ ಕಿರುಚಿದಳು.

"ಮೊಳೆ ನಾಟಲ್ಲ ಅಂದೆ!"

"ಮತ್ತೆ ಇದೇನು?"

"ಮುಳ್ಳು!"

ಬುಸ್ಸ್... ಬಲಗಡೆಯದೂ!

ತಪ್ಪು ನನ್ನದೇ, ಸ್ವಾಮಿ. ಅಂಗಡಿಯಲ್ಲಿ ಎರಡು ಜಾತಿ ಟೈರು ಇದ್ದವು. ಪಕ್ಕೆ ದಪ್ಪಗಿರುವುದು ಮೈಮೂಳೆ ಕುಲುಕಿಸುತ್ತದೆ ಎಂದು, ತಳ ದಪ್ಪ, ಪಕ್ಕೆ ತೆಳ್ಳಗಿನದನ್ನು ಆರಿಸಿದ್ದೆ. ಸಾಲದ್ದಕ್ಕೆ, ನದಿಯ ಮರಳಲ್ಲಿ ಗಾಲಿ ಹೂಳದಿರಲೆಂದು ಗಾಳಿ ಇಳಿಸಿದ್ದೆ. ನಮ್ಮ ಚಾಕೋ ಸೀಮೆಯ ಡ್ರೈವರುಗಳ ಕೈ ಮರಳು ಕಂಡರೆ ತಾನೇ ವಾಲ್ವಿಗೆ ಹೋಗುತ್ತದೆ. ಮತ್ತೆ ತುಂಬಿಸಲು ಪುರುಸೊತ್ತೆಲ್ಲಿ? ಗಾಳಿ ಕಮ್ಮಿಯಾದ ಟೈರಿನ ಪಕ್ಕೆ ಉಬ್ಬುತ್ತದೆ. ಕಡಿದ ಮುಳ್ಳುಗಿಡದ ಮೋಟುಗಳು ಆ ಪಕ್ಕೆಗೇ ಚುಚ್ಚುತ್ತವೆ!

"ಇಳಿ! ಓಡು!"

ನೆಲ್ವಿಯ ಗಂಡನನ್ನು ಜಮೀನ್ದಾರ ಅಡೆಮಾರ್ ಗುಂಡಿಟ್ಟು ಕೊಂದಿದ್ದ. ಕಣ್ಣಾರೆ ಕಂಡವಳು ಅವಳೊಬ್ಬಳೇ. ಮಧ್ಯಾಹ್ನದೊಳಗೆ ಪೇಟೆಯ ಕೋರ್ಟಿನಲ್ಲಿ ಬಾಯಿ ಬಿಡದಿದ್ದರೆ ಅವನು ಖುಲಾಸೆ. ಹೆದ್ದಾರಿಯಲ್ಲಿ ಅವನ ಜನ ಕಾದಿದ್ದರು ಎಂದೇ ಕಾಡುದಾರಿ ಹಿಡಿದಿದ್ದೆ. ಈಗ ಎಲ್ಲ ಮುಗಿಯಿತು ಅನ್ನಿಸಿತು.

ಮುಳ್ಳಲ್ಲಿ ಮೈ ಪರಚಿಸಿಕೊಂಡು ಜೋಳದ ಹೊಲಕ್ಕೆ ಬಿದ್ದೆವು.

ಅಲ್ಲೊಂದು ಟ್ರ್ಯಾಕ್ಟರ್! ಮೇಲೆ ಹುಲ್ಲಿನ ಟೋಪಿಯ ಕಾರ್ನೇಲಿಯಸ್ ಫೆರ್. ಮೆನ್ನೊನೈಟ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ರೈತ. ಆ ಜನ ರಬ್ಬರ್ ಗಾಲಿ ಹಾಕುವುದಿಲ್ಲ, ಹಲ್ಲುಹಲ್ಲಿನ ಕಬ್ಬಿಣದ ಗಾಲಿ. ರಬ್ಬರ್ ಬಂದರೆ ಹುಡುಗರು ಪೇಟೆ ಸುತ್ತಿ ಕೆಡುತ್ತಾರೆಂದು ಅವರ ಚರ್ಚಿನ ಕಟ್ಟಳೆ.

"ಪೇಟೆಗೆ ಬಿಡಪ್ಪಾ!" ಎಂದು ಕೈಮುಗಿದೆ.

"ಟ್ರ್ಯಾಕ್ಟರ್ ಹೊಲಕ್ಕೆ. ಪೇಟೆಗಲ್ಲ. ಹೋದ್ರೆ ನನ್ನ ಚರ್ಚಿಂದ ಹೊರಗೆ ಹಾಕ್ತಾರೆ."

"ಹೊರಗಾದ್ರೂ ಬದುಕಿರ್ತೀಯ ಮಾರಾಯ! ನಾವು ಸಾಯ್ತೀವಿ!"

ನೆಲ್ವಿ ಟ್ರ್ಯಾಕ್ಟರಿನ ಗಾಲಿಗೇ ಕೈಯೂರಿ ನಿಂತಳು. "ಅಣ್ಣಾ... ನನ್ನ ಗಂಡನ್ನ ಅಡೆಮಾರ್ ನಾಯೀನ ಹೊಡೆದ ಹಾಗೆ ಹೊಡೆದು ಕೊಂದ. ಕೋರ್ಟಲ್ಲಿ ಹೇಳೋಕೆ ನಾನೊಬ್ಬಳೇ ಇರೋದು."

ಟಪ್! ಫೆರ್‌ನ ಟೋಪಿ ಹಾರಿತು.

ಅವನು ಟೋಪಿ ಎತ್ತಿಕೊಂಡ. ಗುಂಡಿನ ತೂತು ನೋಡಿದ.

"ಹತ್ತಿ," ಎಂದ.

ದಾರಿ ಬಿಟ್ಟು ಮೋಟುಗಳ ಮೇಲೇ ಹೊಡೆದ! ಒಳಗಿನ ಕರುಳೆಲ್ಲ ಬಾಯಿಗೆ ಬಂತು. ಪಿಕಪ್ಪೂ ಹಿಂದೆಯೇ ನುಗ್ಗಿತು. ಹತ್ತಿರ... ಇನ್ನೂ ಹತ್ತಿರ... ಡ್ರೈವರನ ಚಿನ್ನದ ಹಲ್ಲು ಕಾಣುವಷ್ಟು ಹತ್ತಿರ!

"ಬೇಗ ಓಡಿಸಯ್ಯಾ!"

"ಇದೇ ಬೇಗ."

ಬುಸ್ಸ್! ಬುಸ್ಸ್! ಈ ಸಲ ಅವರದ್ದು!

ಆಳುಗಳು ಕೆಳಕ್ಕೆ ಹಾರಿ ಓಡಿಬಂದರು. ಕಾಲಲ್ಲಿ ಬರೀ ಚಪ್ಪಲಿ. ಹತ್ತು ಹೆಜ್ಜೆಗೇ ಅಯ್ಯಯ್ಯೋ ಎಂದು ಕುಂಟತೊಡಗಿದರು.

ಕಾಡಿನ ಅಂಚಿನಲ್ಲಿ ಡಾಂಬರು ರಸ್ತೆ. ಫೆರ್ ಒಂದು ಗಳಿಗೆ ನಿಲ್ಲಿಸಿದ. ಅವನ ತುಟಿ ಅಲುಗುತ್ತಿತ್ತು. ಆಮೇಲೆ ಕಬ್ಬಿಣದ ಗಾಲಿ ರಸ್ತೆಗೆ ಹತ್ತಿತು. ಊರಿಗೆ ಊರೇ ಹೊರಗೆ ಬಂದು ನೋಡಿತು.

ನೆಲ್ವಿ ಕೋರ್ಟಿನಲ್ಲಿ ಎಲ್ಲವನ್ನೂ ಹೇಳಿದಳು. ಅಡೆಮಾರ್ ಜೈಲಿಗೆ ಹೋದ.

ಮೊನ್ನೆ ಫೆರ್‌ನ ಮನೆಗೆ ಹೋಗಿದ್ದೆ. ಹೆಂಡತಿ ಮಕ್ಕಳು ಒಂದು ಮೇಜಿನಲ್ಲಿ. ಅವನ ತಟ್ಟೆ ಮಾತ್ರ ಮೂಲೆಯಲ್ಲಿ, ಬೇರೆ. ಚರ್ಚಿನ ತೀರ್ಪು! ಯಾರೂ ಅವನ ಜೊತೆ ಉಣ್ಣುವಂತಿಲ್ಲ.

"ಆ ಕೊಲೆಗಾರ ಹೇಗಿದ್ದಾನೆ?" ಎಂದು ಕೇಳಿದ.

"ಜೈಲಲ್ಲಿ ಕಂಬಿ ಎಣಿಸ್ತಿದ್ದಾನೆ. ನೂರು ಜನರ ಪಂಕ್ತಿಯಲ್ಲಿ ಕೂತು ಉಣ್ತಾನೆ."

ಫೆರ್ ರೊಟ್ಟಿ ಮುರಿದ.

"ಪುಣ್ಯವಂತ!"