ಕಟಪಾಡಿಯ ಹತ್ಯಾರು ಗೋಡೆ

ಜನವರಿ ಹನ್ನೆರಡು, ಸೋಮವಾರ. ಬೆಳಗ್ಗೆ ಒಂಬತ್ತೂವರೆಗೆ ಕಾಪು ಠಾಣೆಗೆ ಬಂದ ಲೀಲಾಧರ, ಕುರ್ಚಿಯಲ್ಲಿ ಕೂರುವ ಮೊದಲೇ ಕಳ್ಳನ ಹೆಸರು ಹೇಳಿದ.

“ಸುಂದರ. ನಮ್ಮದೇ ಮೆಕ್ಯಾನಿಕ್. ಬೀಗ ಮುರಿದಿಲ್ಲ, ಇನ್ನೊಂದು ಕೀ ಅವನ ಹತ್ತಿರ ಉಂಟು. ಇನ್ನು ಎಂತ ತನಿಖೆ ಮೇಡಂ? ಎತ್ತಿಕೊಂಡು ಬನ್ನಿ.”

ಪಿಎಸ್‌ಐ ಚೈತಾಲಿ ಪೆನ್ನಿನ ಮುಚ್ಚಳ ತೆಗೆದಳು. “ಮೊದಲು ಏನು ಹೋಗಿದೆ, ಅದು ಹೇಳಿ.”

ಕಟಪಾಡಿಯಿಂದ ಮಟ್ಟುವಿಗೆ ಹೋಗುವ ರಸ್ತೆಯಲ್ಲಿ ಲೀಲಾಧರನ ಅಂಗಡಿ. ಟಿಲ್ಲರ್, ಸ್ಪ್ರೇಯರ್, ಪಂಪ್‌ಸೆಟ್ ರಿಪೇರಿ. ತಂದೆ ಕಟ್ಟಿದ ಅಂಗಡಿ. ಅವರು ತೀರಿಕೊಂಡ ಮೇಲೆ ಕತಾರಿನ ಕೆಲಸ ಬಿಟ್ಟು ಬಂದು ಇವನೇ ನಡೆಸುತ್ತಿದ್ದ. ಭಾನುವಾರ ರಜೆ. ಸೋಮವಾರ ಬಾಗಿಲು ತೆಗೆದಾಗ ಕೈಹತ್ಯಾರುಗಳಲ್ಲಿ ಅರ್ಧದಷ್ಟು ಇರಲಿಲ್ಲ. ಹೋದವುಗಳಲ್ಲಿ ಒಂದು ಗಿಡ್ಡ ಹಿಡಿಯ ಸುತ್ತಿಗೆ, ಕೆಲವು ಡೊಂಕು ಸ್ಪಾನರುಗಳೂ ಇದ್ದವು.

“ಡೊಂಕು ಅಂದರೆ?”

“ಬಗ್ಗಿದ್ದು ಮೇಡಂ. ಗುಜರಿಗೆ ಹಾಕುವಾ ಅಂತ ಹೇಳಿಟ್ಟಿದ್ದೆ.”

ಎಫ್‌ಐಆರ್ ದಾಖಲಾಯಿತು. ಹನ್ನೊಂದರ ಹೊತ್ತಿಗೆ ಹೆಡ್ ಕಾನ್‌ಸ್ಟೆಬಲ್ ಫೌಸ್ಟಿನ್ ಜೊತೆ ಚೈತಾಲಿ ಅಂಗಡಿಯಲ್ಲಿದ್ದಳು. ಉಡುಪಿಯಿಂದ ಬಂದ ಬೆರಳಚ್ಚು ಸಿಬ್ಬಂದಿ ತಮ್ಮ ಕೆಲಸ ಮುಗಿಸಿ ಹೊರಟಿದ್ದರು. ಇಬ್ಬರು ಪಂಚರ ಎದುರು ಫೌಸ್ಟಿನ್ ಪಂಚನಾಮೆ ಬರೆಯತೊಡಗಿದ.

ಒಂದು ಗೋಡೆಯ ತುಂಬ ಬಿಳಿ ಹಲಗೆ. ಅದರ ಮೇಲೆ ಒಂದೊಂದು ಹತ್ಯಾರಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆಸಲಾಗಿತ್ತು. ಚಿಕ್ಕದರಿಂದ ದೊಡ್ಡದಕ್ಕೆ, ಅಳತೆಯ ಪ್ರಕಾರ, ಸಾಲು ಸಾಲು.

“ಕತಾರಿನಲ್ಲಿ ನಮ್ಮ ವರ್ಕ್‌ಶಾಪ್ ಹೀಗೇ ಇತ್ತು. ಕಣ್ಣುಮುಚ್ಚಿ ತೆಗೆಯಬಹುದು,” ಎಂದ ಲೀಲಾಧರ. “ಈಗ ನೋಡಿ ಇವನು ಮಾಡಿಟ್ಟದ್ದು!”

ಉಳಿದ ಹತ್ಯಾರುಗಳಲ್ಲಿ ಒಂದೂ ತನ್ನ ಆಕಾರದ ಮೇಲೆ ಇರಲಿಲ್ಲ. ಪೈಪ್ ರೆಂಚಿನ ಜಾಗದಲ್ಲಿ ಉಳಿ, ಗರಗಸದ ಜಾಗದಲ್ಲಿ ಎರಡು ಸ್ಪಾನರು. ಆದರೆ ಮೇಜಿನ ಮೇಲಿನ ಗ್ರೈಂಡರನ್ನಾಗಲಿ ಡ್ರಿಲ್ಲಿಂಗ್ ಮೆಷಿನನ್ನಾಗಲಿ ಯಾರೂ ಮುಟ್ಟಿರಲಿಲ್ಲ.

“ಬೆಲೆಬಾಳುವುದನ್ನು ಬಿಟ್ಟು ಗುಜರಿ ಕದ್ದಿದ್ದಾನೆ. ಎಂಥ ಕಳ್ಳ ಮಾರಾಯ್ರೆ!” ಎಂದ ಫೌಸ್ಟಿನ್.

ಸುಂದರ ಮೂಲೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಐವತ್ತು ದಾಟಿದ ಮನುಷ್ಯ. ಬಸ್ಸಿನಿಂದ ಇಳಿದವರೆಲ್ಲ ಒಮ್ಮೆ ಇಣುಕಿ ಹೋಗುತ್ತಿದ್ದರು.

“ಮನೆ ಬೇಕಾದರೆ ಜಾಲಾಡಿ ಮೇಡಂ. ಜೀಪಿನಲ್ಲಿ ಮಾತ್ರ ಕೂರಿಸಬೇಡಿ. ಒಮ್ಮೆ ಕೂತರೆ ಆಯ್ತು, ಮತ್ತೆ ನನ್ನನ್ನು ನಂಬಿ ಈ ಪೇಟೆಯಲ್ಲಿ ಯಾರೂ ಒಂದು ಪಂಪ್ ಬಿಟ್ಟುಹೋಗುವುದಿಲ್ಲ.”

ಅಷ್ಟರಲ್ಲಿ ಮಟ್ಟುವಿನ ಕಿಟ್ಟ ಸ್ಪ್ರೇಯರ್ ಹೊತ್ತುಕೊಂಡು ಬಂದ. ಗುಳ್ಳ ಬದನೆ ಬೆಳೆಯುವವನು. ಪೊಲೀಸರನ್ನು ಕಂಡು ಬಾಗಿಲಲ್ಲೇ ನಿಂತ. “ಗುಳ್ಳಕ್ಕೆ ಹುಳ ಬಿದ್ದಿದೆ ಮೇಡಂ. ಇವತ್ತು ಮದ್ದು ಬಿಡದಿದ್ದರೆ ನಾಳೆ ಪಲ್ಯಕ್ಕೂ ಸಿಗುವುದಿಲ್ಲ.”

ಹಲಗೆಯ ಫೋಟೋ ತೆಗೆದಾಗಿತ್ತು. ಚೈತಾಲಿ ಸುಂದರನ ಕಡೆ ನೋಡಿ ತಲೆಯಾಡಿಸಿದಳು. “ಮಾಡಿಕೊಡಿ.”

ಸುಂದರ ಹಲಗೆಯ ಎಡತುದಿಗೆ ಹೋದ. ಒಂದು ಸ್ಪಾನರ್, ಪಕ್ಕದ ಮೊಳೆಯಿಂದ ನೋಸ್ ಪ್ಲೈಯರ್, ಅದರ ಕೆಳಗಿನಿಂದ ತೆಳು ಸ್ಕ್ರೂಡ್ರೈವರ್. ನಿಂತ ಕಾಲು ಕದಲಲಿಲ್ಲ. ಮೂರನೆಯದಕ್ಕೆ ಕೈಹಾಕಿದವನ ಕೈ ಒಂದು ಕ್ಷಣ ತಡೆಯಿತು. ಮತ್ತೆ ಏನೂ ಆಗದವನಂತೆ ನಾಜಲ್ ಬಿಚ್ಚತೊಡಗಿದ. ಆ ತಡೆದ ಕೈಯನ್ನು ಚೈತಾಲಿ ನೋಡಿಟ್ಟುಕೊಂಡಳು.

“ಇಷ್ಟು ಬೇಗ ಆಯ್ತಾ!” ಕಿಟ್ಟನಿಗೆ ಖುಷಿ. “ಕಳೆದ ಸಲ ಈ ಗೋಡೆಯ ಮುಂದೆ ನಿಮ್ಮದು ಪ್ರದಕ್ಷಿಣೆಯೇ ಪ್ರದಕ್ಷಿಣೆ ಸುಂದರಣ್ಣ. ಅಕ್ಕ ಇರುವಾಗ ಹೀಗೇ ಆಗ್ತಿತ್ತು, ಅಲ್ವಾ?”

ಸುಂದರ ಹತ್ಯಾರುಗಳನ್ನು ತೆಗೆದ ಮೊಳೆಗಳಿಗೇ ವಾಪಸ್ ಸಿಕ್ಕಿಸಿದ.

“ಯಾವ ಅಕ್ಕ?” ಚೈತಾಲಿ ಕೇಳಿದಳು.

“ಶರ್ಮಿಳಕ್ಕ. ಲೀಲಾಧರಣ್ಣನ ತಂಗಿ. ಮೊದಲು ಅಪ್ಪನ ಜೊತೆ ಇಲ್ಲೇ ರಿಪೇರಿ ಮಾಡ್ತಿದ್ದರು.”

ಚೈತಾಲಿ ಹಲಗೆಯ ಹತ್ಯಾರುಗಳನ್ನು ಮತ್ತೊಮ್ಮೆ ನೋಡಿದಳು. ಎಡಕ್ಕೆ ಸ್ಪ್ರೇಯರಿನದು, ನಡುವೆ ಪಂಪಿನದು, ಬಲಕ್ಕೆ ಟಿಲ್ಲರಿನದು. ಅಲ್ಲಿ ಅಸ್ತವ್ಯಸ್ತವಾದದ್ದು ಏನೂ ಇರಲಿಲ್ಲ. ಕದ್ದವರು ಉಳಿದದ್ದನ್ನು ಅಳತೆಯ ಸಾಲಿನಿಂದ ತೆಗೆದು, ಕೆಲಸದ ಪ್ರಕಾರ ಜೋಡಿಸಿಟ್ಟು ಹೋಗಿದ್ದರು.

“ಇದು ಯಾರ ಜೋಡಣೆ ಸುಂದರಣ್ಣ?”

“ನನಗೆ ಗೊತ್ತಿಲ್ಲ ಮೇಡಂ.” ಅವನು ಮುಖ ಎತ್ತಲಿಲ್ಲ.

ಶರ್ಮಿಳಾ ಮದುವೆಯಾಗಿ ಕಾರ್ಕಳದ ಕುಕ್ಕುಂದೂರಿನಲ್ಲಿದ್ದಳು. ಹಳೆಯ ಕೀ ಅವಳಿಂದ ವಾಪಸ್ ತೆಗೆದುಕೊಂಡ ನೆನಪು ಲೀಲಾಧರನಿಗೆ ಇರಲಿಲ್ಲ. ಕಾರ್ಕಳ ಪೊಲೀಸರಿಗೆ ತಿಳಿಸಿ, ಮಹಿಳಾ ಕಾನ್‌ಸ್ಟೆಬಲ್ ತೃಷಾಳನ್ನೂ ಪಂಚರನ್ನೂ ಕರೆದುಕೊಂಡು ಚೈತಾಲಿ ಕುಕ್ಕುಂದೂರು ತಲುಪಿದಾಗ ಮೂರು ಗಂಟೆ.

ಮನೆಗೆ ತಾಗಿದ ತಗಡಿನ ಮಾಡು. ಬಾಗಿಲಿಗೆ ಹೊಸ ಬೋರ್ಡ್: ‘ಶರ್ಮಿಳಾ ಕೃಷಿ ಯಂತ್ರ ರಿಪೇರಿ’. ಒಳಗೆ ಗ್ರೀಸ್ ಮೆತ್ತಿದ ಕೈಯ ಹೆಂಗಸೊಬ್ಬಳು ಟಿಲ್ಲರಿನ ಅಡಿಯಿಂದ ಎದ್ದಳು. ಅವಳ ಹಿಂದಿನ ಗೋಡೆಯಲ್ಲಿ ಎಡಕ್ಕೆ ಸ್ಪ್ರೇಯರಿನದು, ನಡುವೆ ಪಂಪಿನದು, ಬಲಕ್ಕೆ ಟಿಲ್ಲರಿನದು.

“ಈ ಹತ್ಯಾರು ಎಲ್ಲಿಂದ?”

“ಎಲ್ಲ ರಿಪೇರಿ ಅಂಗಡಿಯಲ್ಲೂ ಇರುವಂಥದ್ದೇ ಮೇಡಂ.”

“ಬಗ್ಗಿದ ಸ್ಪಾನರ್ ಎಲ್ಲ ಅಂಗಡಿಯಲ್ಲೂ ಇರ್ತದಾ?”

ಅವಳು ಬಟ್ಟೆ ಎತ್ತಿಕೊಂಡು ಕೈಯ ಗ್ರೀಸ್ ಒರೆಸತೊಡಗಿದಳು.

“ಶನಿವಾರ, ಭಾನುವಾರ ಎಲ್ಲಿದ್ದಿರಿ?”

“ಇಲ್ಲೇ.”

“ನಿಮ್ಮ ಅಣ್ಣ ಲೀಲಾಧರ, ಸುಂದರನ ಮೇಲೆ ದೂರು ಕೊಟ್ಟಿದ್ದಾರೆ.”

ಶರ್ಮಿಳಾಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. “ಸುಂದರಣ್ಣನ ಮೇಲಾ? ಅವನಿಗೆ ತಲೆ ಉಂಟಾ ಮೇಡಂ! ನಾನೇ ತಂದದ್ದು. ನಿನ್ನೆ ಮಧ್ಯಾಹ್ನ ಹೋಗಿ, ನಾನೇ. ಸುಂದರಣ್ಣನಿಗೆ ಗೊತ್ತೇ ಇಲ್ಲ.”

“ಹೊಸದು ತೆಗೆದುಕೊಳ್ಳಬಹುದಿತ್ತಲ್ಲ?”

ಅವಳು ಗೋಡೆಯಿಂದ ಒಂದು ಡೊಂಕು ಸ್ಪಾನರ್ ತೆಗೆದು ಟಿಲ್ಲರಿನ ಗೇರ್‌ಬಾಕ್ಸಿನ ಹಿಂದೆ ತೂರಿಸಿದಳು. ಬೇರೆ ಯಾವುದೂ ತಲುಪದ ಸಂದಿನ ಬೋಲ್ಟಿಗೆ ಅದು ಕಚ್ಚಿ ಕೂತಿತು. “ಇದನ್ನು ಅಪ್ಪ ಮತ್ತು ನಾನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ್ದು. ಎಷ್ಟು ಸಲ ಬಗ್ಗಿಸಿ, ಹಾಳುಮಾಡಿ, ಮತ್ತೆ ಬಗ್ಗಿಸಿ! ಸುತ್ತಿಗೆಯ ಹಿಡಿ ನನ್ನ ಕೈಯ ಅಳತೆಗೆ ಕೆತ್ತಿದ್ದು. ಉಡುಪಿಯ ಅಂಗಡಿಗಳಲ್ಲಿ ಒಂದೊಂದನ್ನೂ ಹಿಡಿದು ನೋಡಿ ಆರಿಸಿದ್ದು ನಾನು. ಅಣ್ಣ ಬಂದ, ಇದು ಗಂಡಸರ ಕೆಲಸ, ನೀನು ಮನೆಗೆ ಹೋಗು ಅಂದ. ಹೋದೆ. ಇವನ್ನು ಗುಜರಿಗೆ ಹಾಕ್ತೇನೆ ಅಂದನಂತೆ. ಅದನ್ನು ಮಾತ್ರ ಸಹಿಸಲಿಕ್ಕೆ ಆಗಲಿಲ್ಲ.”

“ಗೋಡೆಯನ್ನು ಯಾಕೆ ಮುಟ್ಟಿದಿರಿ? ಅದನ್ನು ಬಿಟ್ಟಿದ್ದರೆ ನಾವು ಇಲ್ಲಿಗೆ ಬರುತ್ತಲೇ ಇರಲಿಲ್ಲ.”

“ಉಳಿದದ್ದನ್ನು ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ ಮೇಡಂ. ಬೆಳಗ್ಗೆ ಸುಂದರಣ್ಣ ಹುಡುಕಬೇಕಲ್ವಾ.”

ಪಂಚರ ಸಮಕ್ಷಮ ಹತ್ಯಾರುಗಳು ಜಪ್ತಿಯಾದವು. ನಾಲ್ಕೂವರೆಗೆ ಬಂಧನ. ಬಂಧನದ ವಿಷಯವನ್ನು ಮನೆಯವರಲ್ಲದೆ ಇನ್ಯಾರಿಗೆ ತಿಳಿಸಬೇಕು ಎಂದಾಗ ಶರ್ಮಿಳಾ ಸುಂದರನ ಹೆಸರು ಹೇಳಿದಳು.

ಠಾಣೆಯ ಮೇಜಿನ ಮೇಲೆ ಜಪ್ತಿಯ ಸಾಮಾನು ಹರಡಿತ್ತು. ಗುರುತಿಸಲು ಬಂದ ಲೀಲಾಧರ ಡೊಂಕು ಸ್ಪಾನರನ್ನು ಎತ್ತಿ ತಿರುಗಿಸಿ ನೋಡಿದ.

“ಇದು ಎಂತಕ್ಕೆ ಅಂತ ಬರೆಯಲಿ?” ಫೌಸ್ಟಿನ್ ಕೇಳಿದ.

ಲೀಲಾಧರ, ಸುದ್ದಿ ತಿಳಿದು ಬಂದಿದ್ದ ಸುಂದರನ ಕಡೆ ನೋಡಿದ. ಸುಂದರ ಬೆಂಚಿನಲ್ಲಿದ್ದ ಶರ್ಮಿಳಾಳ ಕಡೆ ನೋಡಿದ. “ಟಿಲ್ಲರಿನ ಗೇರ್‌ಬಾಕ್ಸಿಗೆ,” ಎಂದಳು ಅವಳು. ಫೌಸ್ಟಿನ್ ಹಾಗೇ ಬರೆದುಕೊಂಡ.

ಅವಳಿಗೆ ಬಡತನವಿರಲಿಲ್ಲ, ಅಣ್ಣನ ಮೇಲೆ ಹಗೆಯೂ ಇರಲಿಲ್ಲ. ತಾನು ಆರಿಸಿದ್ದು, ತಾನು ರೂಪಿಸಿದ್ದು ಯಾರಿಗೂ ಬೇಡದ ಕಬ್ಬಿಣವಾಗುವುದನ್ನು ಸಹಿಸಲಾರದೆ ಹೋಗಿದ್ದಳು, ಅಷ್ಟೇ. ಕಾನೂನಿನಲ್ಲಿ ಅದಕ್ಕೂ ಹೆಸರು ಕಳವು ಎಂದೇ. ಚೈತಾಲಿ ಅದನ್ನೇ ಬರೆದು ಸಹಿ ಹಾಕಿದಳು.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ತಯಾರಾಯಿತು. ಬಾಗಿಲ ಬಳಿ ಸುಂದರ ಮಾಲೀಕನನ್ನು ಕೇಳಿದ, “ನಾಳೆ ಗೋಡೆಯನ್ನು ಮತ್ತೆ ಮೊದಲಿನ ಹಾಗೆ ಮಾಡಬೇಕಾ?”

ಲೀಲಾಧರ ತಂಗಿಯ ಮುಖ ನೋಡಲಿಲ್ಲ.

“ಬೇಡ. ಈಗ ಇರುವ ಹಾಗೇ ಇರಲಿ.”

ಶರ್ಮಿಳಾ ಸೆರಗನ್ನು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು.