ಏಳನೇ ಪ್ಲಾಟಿನ ಒಂದು ಸಾಲು

ಅಂಬ್ರಪ್ಪ ಬಾಲಮ್ಮನನ್ನು ಮೊದಲ ಸಲ ಕಂಡದ್ದು ಅವಳ ಹನ್ನೊಂದು ದಿನದ ಕೆಲಸವನ್ನು ಒಂದೇ ಎಳೆತಕ್ಕೆ ಹಾಳು ಮಾಡಿದ ಮೇಲೆ. ಬೇಕಂತಲೇ ಮಾಡಿದ್ದಲ್ಲ. ಹಾಳು ಮಾಡಿದವರೆಲ್ಲ ಹೇಳುವುದು ಅದನ್ನೇ, ಬಿಡಿ.

ದೇವಾಪುರದ ಹತ್ತಿರ, ಕಾಲುವೆಯ ಪಕ್ಕಕ್ಕೆ ಆ ಖಾಸಗಿ ವಿಶ್ವವಿದ್ಯಾಲಯ. ಕಾಲುವೆಗೆ ನೀರು ಬಂದ ಹೊಸತರಲ್ಲಿ ತಗಡಿನ ಎರಡು ಶೆಡ್ಡುಗಳ ಕಾಲೇಜಾಗಿ ಶುರುವಾದದ್ದು, ಈಗ ಹದಿನಾಲ್ಕು ವಿಭಾಗ, ಒಂಬತ್ತು ಸಾವಿರ ವಿದ್ಯಾರ್ಥಿಗಳು, ಇನ್ನೂರು ಎಕರೆ ಸಂಶೋಧನಾ ಹೊಲ. ಯಾದಗಿರಿ, ಶಹಾಪುರದ ಬಸ್ಸುಗಳು ಅದರ ಗೇಟಿಗೇ ಬಂದು ನಿಲ್ಲುತ್ತವೆ. ಗುರುಮಠಕಲ್ ಕಡೆಯ ಹುಡುಗರು ತೆಲುಗಿನಲ್ಲಿ ಜಗಳವಾಡುತ್ತ ಇಳಿಯುತ್ತಾರೆ. ಮೂವತ್ತು ವರ್ಷ ತುಂಬಿದ್ದಕ್ಕೆ ಸಂಸ್ಥೆಯ ಇತಿಹಾಸದ ಪುಸ್ತಕವೊಂದು ಬರಬೇಕೆಂದು ಆಡಳಿತ ಮಂಡಳಿಗೆ ಹೊಳೆಯಿತು. ಬರೆಯುವ ಕೆಲಸ ಪ್ರಕಟಣಾ ವಿಭಾಗದ ಕ್ಲರ್ಕ್, ಸುರಪುರದ ಅಂಬ್ರಪ್ಪನ ತಲೆಗೆ ಬಂತು. ಆರು ವರ್ಷದಿಂದ ಅವನು ಟೆಂಪರರಿ. ಅಕ್ಷರ ಚೆಂದ, ಭಾಷೆ ಚೆಂದ. ಎದೆಗಾರಿಕೆ ಮಾತ್ರ ಸ್ವಲ್ಪ ಕಮ್ಮಿ.

ಹಳೆಯ ಸುದ್ದಿ ಹುಡುಕುತ್ತ ಅವನು ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೋದ. ವರಾಂಡದ ನೆರಳಿನಲ್ಲಿ ಸಾಲಾಗಿ ಹಳೆಯ ಪೇಪರು ಹಾಸಿ, ಮೇಲೆ ಗುಡ್ಡೆ ಗುಡ್ಡೆಯಾಗಿ ಎರೆಮಣ್ಣು ಒಣಗಲು ಹಾಕಿದ್ದರು. ಒಂದು ಗುಡ್ಡೆಯ ಕೆಳಗೆ ಕಾಲೇಜಿನ ಅಡಿಗಲ್ಲು ಸಮಾರಂಭದ ಫೋಟೋ ಇಣುಕುತ್ತಿತ್ತು. ನಿಧಿ ಸಿಕ್ಕವನಂತೆ ಅಂಬ್ರಪ್ಪ ಪೇಪರು ಎಳೆದ. ಆ ಮಣ್ಣು ಪಕ್ಕದ ಮಣ್ಣಿಗೆ ಬಿತ್ತು, ಪಕ್ಕದ್ದು ಅದರಾಚೆಯದಕ್ಕೆ.

“ಯಪ್ಪಾ! ಕಣ್ಣು ಮನ್ಯಾಗ ಇಟ್ಟು ಬಂದೀರೇನು?”

ಬಾಗಿಲಲ್ಲಿ ಒಬ್ಬಳು ಜರಡಿ ಹಿಡಿದು ನಿಂತಿದ್ದಳು. ಮುಖದ ಮೇಲೆಲ್ಲ ಮಣ್ಣಿನ ಪುಡಿ, ಹುಬ್ಬಿನ ಮೇಲೂ. ನಡುವೆ ಎರಡು ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟಂತೆ.

“ಮಣ್ಣೇ ಅಲ್ಲೇನ್ರಿ... ಎಲ್ಲಾ ಒಂದೇ...” ಅಂದ ಅಂಬ್ರಪ್ಪ.

“ಒಂದೇ? ನಿಮ್ಮ ಮಾರಿ, ನಮ್ಮ ಡ್ರೈವರ್ ಸಂಗಣ್ಣನ ಮಾರಿ ಒಂದೇ ಏನ್ರಿ? ಹನ್ನೊಂದು ಹೊಲದ ಮಣ್ಣು ಅದು. ಈಗ ಯಾರು ತರೋರು?”

“ನಾನೇ ತರ್ತೀನ್ರಿ.”

“ಸಲಿಕಿ ಹಿಡಿಯಾಕ ಬರ್ತದೇನು?”

“ಪೆನ್ನು ಹಿಡಿಯಾಕ ಬರ್ತದ್ರಿ.”

ಅವಳು ನಗಬಾರದೆಂದು ತುಟಿ ಕಚ್ಚಿದಳು. ಕಣ್ಣು ಮಾತು ಕೇಳಲಿಲ್ಲ.

ಹಾಗೆ ಶುರುವಾಯಿತು. ಸಂಗಣ್ಣನ ಜೀಪಿನಲ್ಲಿ ಹೊಲದಿಂದ ಹೊಲಕ್ಕೆ. ಅವನು ಗುಂಡಿ ತೋಡಬೇಕು, ಅವಳು ಮಣ್ಣು ಕೆರೆದು ಚೀಲಕ್ಕೆ ತುಂಬಬೇಕು, ಚೀಟಿಯ ಮೇಲೆ ನಂಬರು ಅವನೇ ಬರೆಯಬೇಕು. ಅವಳು ಚೀಟಿ ಎತ್ತಿ ಬಿಸಿಲಿಗೆ ಹಿಡಿದು, “ಇಷ್ಟು ಚೆಂದ ಯಾಕ ಬರೀತೀರಿ? ಲಗ್ನಪತ್ರ ಅಂತ ತಿಳ್ಕೊಂಡೀರೇನು?” ಅನ್ನುವಳು. ಅವನು ಕೆಂಪಾಗುವನು. ಸಂಗಣ್ಣ ಜೀಪಿನಲ್ಲಿ ಕುಳಿತೇ ಕೆಮ್ಮುವನು.

ಮಧ್ಯಾಹ್ನ ಕಾಲುವೆಯ ಏರಿ ಮೇಲೆ ಊಟ. ಅವಳ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅವನ ಡಬ್ಬಿಯಲ್ಲಿ ಕ್ಯಾಂಟೀನಿನ ಅನ್ನ. ನಾಲ್ಕನೇ ದಿನದಿಂದ ಅವಳ ಬುತ್ತಿಯಲ್ಲಿ ಎರಡು ರೊಟ್ಟಿ ಜಾಸ್ತಿ ಇರತೊಡಗಿದವು. 

ಕೊನೆಗೆ ಉಳಿದದ್ದು ಏಳನೇ ಪ್ಲಾಟು. ವಿಶ್ವವಿದ್ಯಾಲಯದ ಹೆಸರೆಲ್ಲ ನಿಂತಿದ್ದು ಆ ಎಂಟು ಎಕರೆಯ ಮೇಲೆ. ಅಲ್ಲಿ ಬೆಳೆಸಿದ ತೊಗರಿ ಬೇರೆಡೆಗಿಂತ ದುಪ್ಪಟ್ಟು ಬರುತ್ತಿತ್ತು. ‘ಬರಡು ಭೂಮಿಯನ್ನು ಸಂಶೋಧನೆಯಿಂದ ಹಸನು ಮಾಡಿದ ಸಂಸ್ಥೆ’ ಅಂತ ಗೇಟಿನ ಬೋರ್ಡೇ ಹೇಳುತ್ತಿತ್ತು. ಅದೇ ಬೀಜ ಒಯ್ದು ಬಿತ್ತಿದ ರೈತರು ಮಾತ್ರ ಅಷ್ಟು ಬರಲಿಲ್ಲವೆಂದು ತಿರುಗಿ ಬಂದು ಬೈಯುತ್ತಿದ್ದರು.

ಆವತ್ತು ಬಾಲಮ್ಮ ಬದುವಿನಲ್ಲೇ ನಿಂತಳು. ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು.

“ಏನಾಯ್ತು?” ಅಂದ ಅವನು.

“ಇದು ಬರಡಿದ್ದಿಲ್ರಿ. ನಮ್ಮ ಮುತ್ಯಾನ ಮುತ್ಯಾನಿಂದ ಹಿಡಿದು ನಮ್ಮಪ್ಪನ ತನಕ ನಾಕು ತಲೆಮಾರು ಇಲ್ಲೇ ಕುರಿ ತರುಬ್ತಿದ್ರು. ಸುಗ್ಗಿ ಮುಗಿದ ಮ್ಯಾಲ ಮೂರು ತಿಂಗಳು. ಒಂದಿನ ಇಲ್ಲಿ ಸುತ್ತ ಬಲೆ ಕಟ್ಟಿ ಮುನ್ನೂರು ಕುರಿ ಮಲಗಿಸೋದು, ಮರುದಿನ ನಾಕು ಹೆಜ್ಜಿ ಮುಂದ. ಹಿಕ್ಕಿ, ಗಂಜಲ ಎಲ್ಲಾ ಇದೇ ನೆಲಕ್ಕ. ಹೊಲ ಸುರಪುರದ ಗೌಡ್ರದು, ಕಸುವು ಕುರೀದು. ಬೀಜದ್ದು ತಪ್ಪೇನಿಲ್ಲ. ಮಣ್ಣಿನ ಹಕೀಕತ್ತು ಯಾರೂ ಬರೀಲಿಲ್ಲ, ಅಷ್ಟೇ.”

“ನಿಮ್ಮಪ್ಪಗ ಗೊತ್ತದೇನು, ಬೋರ್ಡಿಂದು?”

“ಯಾರೋ ಓದಿ ಹೇಳ್ಯಾರ. ಅವತ್ತಿನಿಂದ ಬಸ್ಸಿನಾಗ ಈ ಗೇಟು ಬಂದ್ರ ಮಾರಿ ಆ ಕಡಿ ತಿರುಗಿಸ್ತಾನ.”

ಮಣ್ಣು ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು. ಪಕ್ಕದ ಹೊಲಕ್ಕೂ ಏಳನೇ ಪ್ಲಾಟಿಗೂ ಅಜಗಜಾಂತರ. ಅಂಬ್ರಪ್ಪ ಆ ಕಾಗದ ಹಿಡಿದುಕೊಂಡು ಏರಿ ಮೇಲೆ ಕುಳಿತಿದ್ದಾಗ ಅವನ ಬಾಯಿಂದ ಬಂದದ್ದು ಬೇರೆಯೇ.

“ನಿಮ್ಮ ಮನಿಗೆ ಬರ್ಲೇನು?”

“ಯಾಕ? ಅಲ್ಲಿ ಮಣ್ಣೂ ಬೇಕೇನು?”

“ಹೆಣ್ಣು ಕೇಳಾಕ.”

ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಕಿವಿಯ ತುದಿ ಕೆಂಪಾಗಿತ್ತು.

“ಮೊದ್ಲು ನಿಮ್ಮ ಬುಕ್ಕಿನಾಗ ಈ ಮಣ್ಣಿಂದು ಒಂದು ಸಾಲು ಬರೀರಿ,” ಅಂದಳು.

“ಕರಾರೇನು ಇದು?”

“ಕರಾರಲ್ಲ. ಹುಡುಗ ಏನು ಮಾಡ್ತಾನ ಅಂತ ನಮ್ಮಪ್ಪ ಕೇಳ್ತಾನ. ಬರೀತಾನ ಅಂತೀನಿ. ಏನು ಬರೀತಾನ ಅಂತಾನ. ನನ್ನ ಹತ್ರ ಜವಾಬು ಇರಬೇಕೋ ಬ್ಯಾಡೋ?”

ಅಂಬ್ರಪ್ಪ ಅವಳಪ್ಪನ ಹೆಸರು ಹಾಕಿಯೇ ಬರೆದ. ‘ಕಾಲುವೆ ಬರುವ ಮುಂಚೆ ಈ ನೆಲದಲ್ಲಿ ದೇವಾಪುರದ ಭಗವಂತರಾಯನ ಮನೆತನದವರು ನಾಲ್ಕು ತಲೆಮಾರು ಕುರಿ ತರುಬಿದರು. ಈ ಮಣ್ಣಿನ ಕಸುವು ಅವರು ಕೊಟ್ಟದ್ದು.’ ಬಾಲಮ್ಮ ಅದನ್ನು ಓದಿದಳು, ಮತ್ತೆ ಓದಿದಳು. ಆಮೇಲೆ ಅವನ ಅಂಗಿಯ ತೋಳಿಗೆ ಅಂಟಿದ್ದ ಮಣ್ಣನ್ನು ಎರಡು ಬೆರಳಿನಿಂದ ಮೆಲ್ಲಗೆ ಕೊಡವಿದಳು. ಮಣ್ಣು ಹೋದ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಕುಲಸಚಿವರು ಕರೆಸಿದರು. ಚಹಾ ತರಿಸಿಕೊಟ್ಟರು. ಗದರಿಸುವ ಜನ ಚಹಾ ಕೊಡುವುದಿಲ್ಲ, ಚಹಾ ಕೊಡುವವರಿಗೇ ಅಂಜಬೇಕು.

“ಚೆಂದ ಬರ್ದೀಯಪ್ಪ. ಆದ್ರ ಇದೊಂದು ಸಾಲು. ಎಲ್ಲಾ ಕುರಿನೇ ಮಾಡಿದ್ದು ಅಂದ್ರ ನಮ್ಮ ಪ್ರೊಫೆಸರುಗಳು ಮೂವತ್ತು ವರ್ಷ ಏನು ಮಾಡಿದ್ರು? ನಾನೇ ತಗೀಬಹುದು. ನೀನೇ ತಗದ್ರ ಚಂದ ಕಾಣ್ತದ. ನಿನ್ನ ಪರ್ಮನೆಂಟ್ ಆರ್ಡರು ಈ ವಾರ ಮಂಡಳಿ ಮುಂದ ಬರ್ತದ.”

ಕೆಂಪು ಪೆನ್ನು ಅವರೇ ಕೊಟ್ಟರು. ಅಂಬ್ರಪ್ಪ ಯೋಚಿಸಿದ. ಕೆಲಸ ಪರ್ಮನೆಂಟಾದರೆ ತಲೆಯೆತ್ತಿ ಹೆಣ್ಣು ಕೇಳಬಹುದು. ಸಾಲು ಮುಂದಿನ ಮುದ್ರಣದಲ್ಲಿ ಹಾಕಿದರಾಯಿತು. ಅವಳಪ್ಪನಿಗೆ ಓದಲು ಬರುವುದಿಲ್ಲ. ಅವಳಿಗಾಗಿಯೇ ಹೊಡೆದು ಹಾಕುತ್ತಿದ್ದೇನೆ ಅಂತ ತನಗೆ ತಾನೇ ಹೇಳಿಕೊಂಡು ಗೆರೆ ಎಳೆದ. ಆ ಗೆರೆಯೂ ನೇರವಾಗಿ, ಚೆಂದವಾಗಿಯೇ ಬಂತು. ಅದರ ಜಾಗಕ್ಕೆ ಗೇಟಿನ ಬೋರ್ಡಿನ ‘ಬರಡು ಭೂಮಿ’ಯನ್ನು ಕುಲಸಚಿವರೇ ಸೇರಿಸಿದರು. ಪ್ರೀತಿಯ ಹೆಸರು ಹೇಳಿ ಮನುಷ್ಯ ಮಾಡುವಷ್ಟು ಪುಕ್ಕಲು ಕೆಲಸ ಇನ್ಯಾವುದರ ಹೆಸರಲ್ಲೂ ಮಾಡಲಾರ.

“ಸಾಲು ಅದ ಅಲ್ರಿ?” ಅಂತ ಬಾಲಮ್ಮ ಕೇಳಿದಳು.

“ಅದ,” ಅಂದ. ಎರಡೇ ಅಕ್ಷರ.

ಬಿಡುಗಡೆಯ ದಿನ ಬೆಳಿಗ್ಗೆ ಭಗವಂತರಾಯ ತೊಳೆದ ಧೋತರ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಮಗಳ ಭುಜ ಹಿಡಿದು ಆ ಗೇಟಿನೊಳಗೆ ಬಂದ. ಉಬ್ಬಸದ ಮನುಷ್ಯ, ನಾಲ್ಕು ಕಡೆ ನಿಂತು ನಿಂತು ಬಂದ. ಭಾಷಣಗಳು ಮುಗಿದವು, ಪುಸ್ತಕ ಹಂಚಿದರು. ಪೆಂಡಾಲಿನ ಕೊನೆಯ ಸಾಲಿನಲ್ಲಿ ಕುಳಿತು ಬಾಲಮ್ಮ ಪುಸ್ತಕ ತೆರೆದಳು. ಅಂಬ್ರಪ್ಪ ಓಡಿ ಬಂದು ಪಕ್ಕದಲ್ಲಿ ನಿಂತ.

“ಓದವ್ವ,” ಅಂದ ಮುದುಕ. ಕಿವಿ ಪುಸ್ತಕದ ಹತ್ತಿರ ತಂದಿದ್ದ.

ಅವಳ ಬೆರಳು ಅಕ್ಷರಗಳ ಮೇಲೆ ಸರಿಯಿತು. ‘ಯಾರೂ ಕಾಲಿಡದ ಬರಡು ಭೂಮಿಯಾಗಿದ್ದ ಏಳನೇ ಪ್ಲಾಟು’ ಅನ್ನುವಲ್ಲಿಗೆ ಬಂದು ನಿಂತಿತು. ತಲೆಯೆತ್ತಿ ಅಂಬ್ರಪ್ಪನನ್ನು ನೋಡಿದಳು. ಸಿಟ್ಟಿನ ನೋಟವಲ್ಲ ಅದು. ಗುರುತಿನವರೆಂದು ಹತ್ತಿರ ಹೋದ ಮೇಲೆ ಬೇರೆ ಯಾರೋ ಅಂತ ತಿಳಿದಾಗ ನೋಡುತ್ತೇವಲ್ಲ, ಹಾಗೆ.

ಆಮೇಲೆ ಮತ್ತೆ ಪುಟಕ್ಕೆ ಕಣ್ಣಿಟ್ಟು, ಗಟ್ಟಿ ದನಿಯಲ್ಲಿ ಓದಿದಳು:

“ಕಾಲುವೆ ಬರುವ ಮುಂಚೆ ಈ ನೆಲದಲ್ಲಿ ದೇವಾಪುರದ ಭಗವಂತರಾಯನ ಮನೆತನದವರು ನಾಲ್ಕು ತಲೆಮಾರು ಕುರಿ ತರುಬಿದರು. ಈ ಮಣ್ಣಿನ ಕಸುವು ಅವರು ಕೊಟ್ಟದ್ದು.”

“ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದಳು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಮುದುಕ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು ಅಂಬ್ರಪ್ಪನ ಎರಡೂ ಕೈ ಹಿಡಿದ.

“ತಮ್ಮಾ, ನೀನೇ ಏನೋ ಬರ್ದವ? ನಿನ್ನ ಹೊಟ್ಟಿ ತಣ್ಣಗಿರಲಿ. ಏ ಬಾಲವ್ವ, ನೀ ಹೇಳ್ತಿದ್ದ ಹುಡುಗ ಇವನೇನು? ಇವಗ ಕೊಡಾಕ ನನ್ನದೇನೂ ತಕರಾರಿಲ್ಲ.”

“ಬ್ಯಾಡಪ್ಪ,” ಅಂದಳು ಬಾಲಮ್ಮ. “ನಾ ಹೇಳಿದಾಂವ ಬ್ಯಾರೆ.”

ಗೇಟಿನ ತನಕ ಅಂಬ್ರಪ್ಪ ಹಿಂದೆಯೇ ಹೋದ. “ಸಿಟ್ಟು ಬಂತೇನು? ಮುಂದಿನ ಸಲ ಅಚ್ಚು ಹಾಕುವಾಗ ಖರೇನೇ...”

“ಸಿಟ್ಟು ಬಂದಿದ್ರ ಛಲೋ ಇತ್ತು,” ಅಂದಳು ಮೆಲ್ಲಗೆ, ತಂದೆಗೆ ಕೇಳದಂತೆ. “ಬೈದು ಹಗುರ ಆಗ್ತಿದ್ದೆ. ನಮ್ಮಪ್ಪಗ ನಾ ಸುಳ್ಳು ಹೇಳಿದ್ದಿಲ್ರಿ, ಇವತ್ತಿನ ತನಕ.”

ಬಸ್ಸು ಬಂತು. ಮುದುಕ ಕಿಟಕಿಯ ಪಕ್ಕ ಕುಳಿತ. ಅವಳು ಪುಸ್ತಕ ಮಡಿಲಲ್ಲಿಟ್ಟುಕೊಂಡು ಎದುರಿನ ಸೀಟಿನ ಸರಳನ್ನೇ ನೋಡುತ್ತಿದ್ದಳು.

ಮರುವಾರ ಅಂಬ್ರಪ್ಪನ ಆರ್ಡರು ಬಂತು. ಅದೇ ವಾರ ಬಾಲಮ್ಮ ಲ್ಯಾಬಿನ ಕೆಲಸ ಬಿಟ್ಟು ಶಹಾಪುರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಸೇರಿದಳು. ವರ್ಷ ಕಳೆದ ಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಸಂಗಣ್ಣ ತಾನಾಗಿಯೇ ಸುದ್ದಿ ತೆಗೆದ.

“ದೇವಾಪುರಕ್ಕ ಹೋಗಿದ್ದೆ. ಮುದುಕ ಹಾಸಿಗಿ ಹಿಡಿದಾನ. ಆದ್ರೂ ದಿನಾ ಮುಂಜಾನಿ ಆ ಬುಕ್ಕು ಓದಿಸ್ತಾನ. ಬಾಲಮ್ಮನೇ ಓದಬೇಕು. ಬ್ಯಾರೆಯವರ ಕೈಗೆ ಆಕಿ ಬುಕ್ಕು ಕೊಡಂಗೇ ಇಲ್ಲ. ಯಾದಗಿರಿಯಿಂದ ಒಂದು ಛಲೋ ಮನಿತನ ಬಂದಿತ್ತು, ಒಲ್ಲೆ ಅಂದಾಳ. ‘ನಾ ಹೋದ್ರ ಅಪ್ಪಗ ಆ ಸಾಲು ಓದೋರು ಯಾರು’ ಅಂತಾಳ. ಅಚ್ಚಾಗಿದ್ದು ಯಾರು ಬೇಕಾದ್ರೂ ಓದ್ತಾರಲ್ರಿ? ಹುಚ್ಚು ಹುಡುಗಿ!”

ಸಂಗಣ್ಣ ತನ್ನ ಲೋಟ ಖಾಲಿ ಮಾಡಿ ಎದ್ದ. ಅಂಬ್ರಪ್ಪನ ಚಹಾದ ಮೇಲೆ ಕೆನೆ ಕಟ್ಟಿತ್ತು.