ಸಂಕವ್ವ ಉದ್ದ ಮಾಡಿದ ಬಂಡಿ

ಬಹಳ ಬಹಳ ಹಿಂದೆ ಉರುಳುನಾಡು ಎಂಬ ರಾಜ್ಯವಿತ್ತು. ಆ ನಾಡಿನ ನೆಲಕ್ಕೆ ಮನೆಯ ಭಾರ ಆಗಿಬರುತ್ತಿರಲಿಲ್ಲ. ಯಾರಾದರೂ ಅಡಿಪಾಯಕ್ಕೆಂದು ನಾಲ್ಕು ಕಲ್ಲು ಇಟ್ಟರೆ ಸಾಕು, ನೆಲ ಎಮ್ಮೆಯ ಹಾಗೆ ಮೈ ಜಾಡಿಸಿ ಕೆಡವಿಬಿಡುತ್ತಿತ್ತು. ಬರಿನೆಲದ ಮೇಲೆ ಮಲಗಿದವರು ಬೆಳಗಿಗೆ ಪಕ್ಕದ ಹಳ್ಳದಲ್ಲಿ ಏಳುತ್ತಿದ್ದರು. ಗಾಲಿಯ ಮೇಲಿದ್ದದ್ದನ್ನು ಮಾತ್ರ ಅದು ಸುಮ್ಮನೆ ಬಿಡುತ್ತಿತ್ತು. ಹಾಗಾಗಿ ಅರಸನಿಂದ ಹಿಡಿದು ಅಗಸನವರೆಗೆ ಎಲ್ಲರದೂ ಬಂಡಿಯಲ್ಲೇ ಬಾಳುವೆ. ಎರಡು ಗಾಲಿ, ಮೇಲೊಂದು ಬಿದಿರಿನ ಕಮಾನು, ಒಳಗೊಂದು ಮಂಚ, ಮುಂದೆ ಜೋಡಿ ಎತ್ತು. ಅದೇ ಮನೆ, ಅದೇ ಅರಮನೆ.

ಆ ಬಂಡಿಗಳನ್ನೆಲ್ಲ ಮಾಡಿಸಿದವನು ದಂಡಮಾಯನೆಂಬ ಮಾಂತ್ರಿಕ. ಅವನ ಬಳಿ ಒಂದು ಕರಿಯ ಅಳತೆಕೋಲಿತ್ತು. ಆ ಕೋಲಿನಿಂದ ಅಳೆದ ಮರ ಅವನ ಮಾತು ಕೇಳುತ್ತಿತ್ತು. ಮರ ಉಳಿಯಲಿ ಎಂದು ಅವನು ಎಲ್ಲರ ಮಂಚವನ್ನೂ ಗಿಡ್ಡ ಮಾಡಿಸಿದ. ಎಷ್ಟು ಗಿಡ್ಡವೆಂದರೆ, ಬೆಳೆದ ಆಳು ಮಂಡಿಯನ್ನು ಗದ್ದಕ್ಕೆ ಹಚ್ಚಿಕೊಂಡೇ ಮಲಗಬೇಕು. ನಿದ್ದೆಯಲ್ಲಿ ಯಾರ ಕಾಲಾದರೂ ಮಂಚದಿಂದ ಆಚೆ ಹೋಯಿತೋ, ಬೆಳಗಿನ ಹೊತ್ತಿಗೆ ಅವರು ದಾರಿ ಬದಿಯ ಕಲ್ಲು. ತಾನು ಮಾತ್ರ ಮುಗಿಲಿಗೆ ತೂಗುಮಂಚ ಕಟ್ಟಿಕೊಂಡು, ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಮೂರು ಉರುಳು ಉರುಳಿ ಮಲಗುತ್ತಿದ್ದ. ಇದಕ್ಕೆ ಏನನ್ನಬೇಕು?

ಜನ ಏನೂ ಅನ್ನಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಅಪ್ಪ ಕಲ್ಲಾದರೆ ಮಗ ಇನ್ನಷ್ಟು ಮುದುಡಿ ಮಲಗುತ್ತಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಕಿರಿಯರಿಗೆ ಬುದ್ಧಿ ಹೇಳುತ್ತಿದ್ದರು. ಕಲ್ಲಾದವರನ್ನು ನೆನೆದು ಅಳುವುದು ಹೋಗಲಿ, ಕಾಲು ಹಿಡಿತದಲ್ಲಿಟ್ಟುಕೊಳ್ಳಲು ಬಾರದವರು ಎಂದು ಆಡಿಕೊಳ್ಳುತ್ತಿದ್ದರು.

ಆ ನಾಡಿನಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಅವಳ ಗಂಡ ಬರಮಣ್ಣ ನೀಳ ಆಳು. ವರ್ಷಗಟ್ಟಲೆ ಮುದುಡಿ ಮಲಗಿದವನು ಒಂದು ಬೇಸಿಗೆಯಲ್ಲಿ ಸೆಕೆ ತಾಳಲಾರದೆ ನಿದ್ದೆಗಣ್ಣಿನಲ್ಲಿ ಕಾಲು ಚಾಚಿದ. ಅವನು ಮಾಡಿದ ತಪ್ಪು ಅಷ್ಟೇ. ಈಗ ಜಾಲಿಮರದ ತಿರುವಿನಲ್ಲಿ ಕಲ್ಲಾಗಿ ನಿಂತಿದ್ದ. ಎಲ್ಲವನ್ನೂ ಕೆಡವುವ ನೆಲ ಆ ಕಲ್ಲುಗಳನ್ನು ಮಾತ್ರ ಕೆಡವುತ್ತಿರಲಿಲ್ಲ. ಮನುಷ್ಯರಿಗಿಲ್ಲದ ಕನಿಕರ ನೆಲಕ್ಕಿತ್ತು.

ಅವರ ಮಗಳು ಚಿಗರಿಯೂ ಅಪ್ಪನ ಹಾಗೆಯೇ ಎತ್ತರ ಬೆಳೆಯುತ್ತಿದ್ದಳು. ಒಂದು ಬೆಳಿಗ್ಗೆ ಸಂಕವ್ವ ನೋಡುತ್ತಾಳೆ, ಮುದುಡಿ ಮಲಗಿದ ಮಗಳ ಹಿಮ್ಮಡಿ ಆಗಲೇ ಮಂಚದ ಅಂಚಿಗೆ ಬಂದಿದೆ. ಮಳೆಗಾಲ ಬರುವಷ್ಟರಲ್ಲಿ ಅದು ಆಚೆ ಬೀಳುವುದೇ. ಗಂಡನನ್ನು ಕಳೆದುಕೊಂಡದ್ದಾಯಿತು, ಇನ್ನು ಮಗಳನ್ನೂ ದಾರಿ ಬದಿಗೆ ನಿಲ್ಲಿಸಲೇ ಎಂದು ಅರಸನ ಬಂಡಿಯ ಬಳಿಗೆ ಓಡಿದಳು.

ಅರಸ ಸೊಂಟ ನೀವಿಕೊಳ್ಳುತ್ತ ಹೊರಗೆ ಬಂದ. "ನನ್ನ ನೋಡವಾ. ಕಿರೀಟ ತಗದಿಟ್ಟು, ಮಂಡಿ ನಡುವ ಗಡ್ಡಾ ಸಿಗಿಸಿಕೊಂಡು ಮಲಗತೀನಿ. ಅರಸ ಆಗಿ ನಾನ ಹೊಂದಿಕೊಂಡೀನಿ. ನಿಮಗೇನಾಗೇತಿ ಧಾಡಿ? ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು."

ಸಂಕವ್ವನಿಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟೇರಿತು. "ಹಾಸಿಗಿ ಮಾಡಿದಾಂವ ಮನುಷ್ಯಾ, ದೊರಿ. ಕಾಲು ಕೊಟ್ಟಾಂವ ದೇವರು. ಎರಡರಾಗ ಯಾವುದನ್ನ ತಿದ್ದಬೇಕಂತ ನಿಮಗ ತಿಳೀಲಿಲ್ಲಂದ್ರ ಬಿಡ್ರಿ, ನನಗ ತಿಳೀತದ."

ಅವಳು ರೊಟ್ಟಿ ಬಡಿದವಳೇ ಹೊರತು ಬಡಗಿಯ ಬಾಚಿ ಹಿಡಿದವಳಲ್ಲ. ಆದರೂ ಬಂಡಿಯ ಹಿಂಬದಿಗೆ ಒಂದು ಹಲಗೆ ಕೂಡಿಸಿ, ಹೆಬ್ಬೆರಳು ಜಜ್ಜಿಕೊಂಡು ಮೊಳೆ ಹೊಡೆದಳು. ಮಂಚ ಉದ್ದವಾಯಿತು. ದಂಡಮಾಯ ಮೇಲಿನಿಂದ ನೋಡಿ ಕಬ್ಬಿಣದ ಕೊಕ್ಕಿನ ಮರಕುಟಿಗನನ್ನು ಬಿಟ್ಟ. ಹಕ್ಕಿ ಒಂದೊಂದೇ ಮೊಳೆ ಕಿತ್ತು ಕಡಲೆಯ ಹಾಗೆ ನುಂಗಿತು. ಹಲಗೆ ಕಳಚಿ ಬಿತ್ತು.

ಅಕ್ಕಪಕ್ಕದ ಬಂಡಿಯವರು, ಹೇಳಿದ ಮಾತು ಕೇಳಲಿಲ್ಲ, ಅನುಭವಿಸಲಿ ಎಂದರು. ಆ ರಾತ್ರಿ ಚಿಗರಿ ಅಮ್ಮನ ಹೆಗಲಿಗೆ ಒರಗಿ ಕೂತೇ ನಿದ್ದೆ ಮಾಡಿದಳು.

ಮೊಳೆ ಇದ್ದರಲ್ಲವೇ ಕೀಳುವುದು? ಸಂಕವ್ವ ಪುಂಡಿನಾರು ಹೊಸೆದು ಹಗ್ಗ ಮಾಡಿ ಹಲಗೆಯನ್ನು ಬಿಗಿದು ಕಟ್ಟಿದಳು. ಹಕ್ಕಿ ಬಂದು ಮೊಳೆ ಹುಡುಕಿ ಹಸಿದುಕೊಂಡು ಹೋಯಿತು. ದಂಡಮಾಯ ಕೆಂಡಗಣ್ಣಿನ ಹೆಗ್ಗಣಗಳನ್ನು ಬಿಟ್ಟ. ಅವು ಗಂಟು ಗಂಟನ್ನೂ ಕಡಿದು ಹಾಕಿದವು. ಹಲಗೆ ಮತ್ತೆ ಬಿತ್ತು. ಜನ ಮತ್ತೆ ನಕ್ಕರು. ಚಿಗರಿ ಮತ್ತೆ ಕೂತೇ ನಿದ್ದೆ ಮಾಡಿದಳು, ಕಣ್ಣ ಕೆಳಗೆ ಕಪ್ಪಾಯಿತು.

ತಾನು ಇನ್ನಷ್ಟು ಮುದುಡಿಕೊಳ್ಳುತ್ತೇನೆ, ಬಿಟ್ಟುಬಿಡು ಎಂದು ಮಗಳೇ ಹೇಳಿದಳು. ಸಂಕವ್ವನಿಗೆ ದಂಡಮಾಯನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಮಾತಿಗೆ ಬಂತು. ಹಸಿ ಹುಡುಗಿಯ ಬಾಯಲ್ಲೂ ಅದೇ ಪಾಠ! ಬಾಚಿಯನ್ನು ಮಗಳ ಕೈಗೆ ಕೊಟ್ಟು, ಏಳು ಎಂದಳು.

ತೇಪೆ ಹಾಕಿದ್ದು ಸಾಕು, ಮಂಚವನ್ನೇ ಹೊಸದಾಗಿ ಮಾಡುವುದು ಎಂದು ತಾಯಿ ಮಗಳು ಬೇವಿನ ಮರ ತಂದರು. ಮೊಳೆ ಇಲ್ಲ, ಹಗ್ಗ ಇಲ್ಲ. ಒಂದು ಮರಕ್ಕೆ ತೂತು ಕೊರೆದು, ಇನ್ನೊಂದರ ತುದಿ ಕೆತ್ತಿ ತೂರಿಸಿ, ಮರದ್ದೇ ಬೆಣೆ ಹೊಡೆಯುವುದು. ಎಡಗಡೆಯ ತೊಲೆಯನ್ನು ಅವ್ವ, ಬಲಗಡೆಯದನ್ನು ಮಗಳು ಅಳೆದು ಕೊಯ್ದರು. ಇಬ್ಬರೂ ಅಳೆದದ್ದು ನಾಲ್ಕು ಮೊಳ ಒಂದು ಗೇಣು. ಜೋಡಿಸಿ ನೋಡಿದರೆ ಮಂಚ ಓರೆ! ಬಲಗಡೆ ಉದ್ದ, ಎಡಗಡೆ ಗಿಡ್ಡ. ಉರುಳುನಾಡಿನವರು ಮಾಂತ್ರಿಕನ ಕೋಲಿನಿಂದ ಅಳೆದೂ ಅಳೆದೂ, ಒಬ್ಬೊಬ್ಬರ ಮೊಳವೂ ಒಂದೊಂದು ಉದ್ದ ಎಂಬುದನ್ನೇ ಮರೆತಿದ್ದರು. ಚಿಗರಿಯ ಕೈ ಅವ್ವನ ಕೈಗಿಂತ ಉದ್ದವಾಗಿತ್ತು.

ಜನ ಹೊಟ್ಟೆ ಹಿಡಿದು ನಗುತ್ತಿರುವಾಗ ಹಕ್ಕಿ ಬಂತು, ಮೊಳೆ ಸಿಗಲಿಲ್ಲ. ಹೆಗ್ಗಣ ಬಂದವು, ಹಗ್ಗ ಸಿಗಲಿಲ್ಲ, ಬೇವಿನ ಕಹಿಗೆ ಮುಖ ಸಿಂಡರಿಸಿ ಓಡಿದವು. ಆಗ ದಂಡಮಾಯ ತಾನೇ ಇಳಿದು ಬಂದ.

"ಇದು ಯಾರ ಅಳತಿ?" ಎಂದು ಕೇಳಿದ.

"ನನ್ನ ಮಗಳ ಕಾಲಿನ ಅಳತಿ," ಎಂದಳು ಸಂಕವ್ವ.

ಅವನು ಕೋಲನ್ನು ನೆಲಕ್ಕೆ ಎಸೆದ. ಅದು ಕರಿಯ ಹೆಬ್ಬಾವಾಗಿ ಮಂಚವನ್ನು ಹಿಂಡಲು ಸುತ್ತಿಕೊಂಡಿತು. ಆದರೆ ಅದು ಅಳತೆಕೋಲಿನ ಹಾವು, ಅಳೆಯದೆ ಹಿಂಡಲು ಅದಕ್ಕೆ ಬಾರದು. ಎಡ ತೊಲೆಯನ್ನು ಅಳೆದು ಬಲಕ್ಕೆ ಹೋದರೆ ನಾಲ್ಕು ಬೆರಳು ಹೆಚ್ಚು. ಬಲ ತೊಲೆಯನ್ನು ಅಳೆದು ಎಡಕ್ಕೆ ಬಂದರೆ ನಾಲ್ಕು ಬೆರಳು ಕಡಿಮೆ. ಅತ್ತ ಹರಿದು ಇತ್ತ ಹರಿದು, ಮೇಲೆ ಸುತ್ತಿ ಕೆಳಗೆ ನುಸುಳಿ, ಕಡೆಗೆ ತನ್ನ ಮೈಗೆ ತಾನೇ ಗಂಟು ಬಿದ್ದು ಮತ್ತೆ ಮರದ ಕೋಲಾಗಿ ನಿಂತಿತು. ಸಂಕವ್ವ ಗರಗಸದ ಒಂದು ಹಿಡಿ ತಾನು ಹಿಡಿದು ಇನ್ನೊಂದನ್ನು ಮಗಳಿಗೆ ಕೊಟ್ಟಳು. ಕೋಲು ನಡುವಿಗೆ ತುಂಡಾಯಿತು.

ಮುಗಿಲ ತೂಗುಮಂಚ ದಡಾರನೆ ಬಿದ್ದು ಪುಡಿಯಾಯಿತು. ಮಂತ್ರ ಹೋದ ದಂಡಮಾಯ, ನಾನೆಲ್ಲಿ ಮಲಗಲಿ ಎಂದು ಅರಸನನ್ನು ಕೇಳಿದ. ಅರಸನಿಗೆ ಆಗ ಬುದ್ಧಿ ಬಂತು ಅನ್ನಿ, ಅಥವಾ ಸೊಂಟದ ನೋವು ನೆತ್ತಿಗೇರಿತು ಅನ್ನಿ. ಒಂದು ಹಳೆಯ ಬಂಡಿಯ ಗಿಡ್ಡ ಮಂಚ ತೋರಿಸಿ, "ಹೊಂದಿಕೋರಿ," ಎಂದ.

ಆಮೇಲೆ ನಾಡಿನ ತುಂಬ ಗರಗಸದ ಸದ್ದು. ಒಬ್ಬರು ಕಮಾನು ಎತ್ತರಿಸಿ ನಿಂತು ಸೀರೆ ಉಡುವಂತೆ ಮಾಡಿಕೊಂಡರು. ಒಬ್ಬರು ಮಲಗಿದಲ್ಲಿಂದಲೇ ಎತ್ತುಗಳು ಕಾಣುವಂತೆ ಕಿಟಕಿ ಕೊರೆದರು. ಒಬ್ಬರು ಹಿಂಬದಿಯ ಹಲಗೆಯನ್ನು ಕೆಳಗಿಳಿಸಿದರೆ ಅಡುಗೆಕಟ್ಟೆಯಾಗುವಂತೆ ಮಾಡಿದರು. ನಕ್ಕವರೇ ಬಂದು ಬೆಣೆ ಹೊಡೆಯುವುದು ಹೇಗೆಂದು ಕೇಳಿದರು. ಸಂಕವ್ವ ಹೇಳಿಕೊಟ್ಟಳು, ಆದರೆ ಬೈದು ಹೇಳಿಕೊಟ್ಟಳು.

ಕೋಲು ತುಂಡಾದ ಹೊತ್ತಿಗೇ ದಾರಿ ಬದಿಯ ಕಲ್ಲುಗಳೂ ಮೈ ಕೊಡವಿ ಮನುಷ್ಯರಾಗಿದ್ದವು. ಬರಮಣ್ಣ ನಡೆದು ಬಂದು ಮಗಳನ್ನು ತಬ್ಬಿಕೊಂಡ. ನಾಲ್ಕು ರೊಟ್ಟಿ ತಿಂದು, ಮಟಮಟ ಮಧ್ಯಾಹ್ನ ಆ ಓರೆ ಮಂಚದ ಮೇಲೆ ಒರಗಿದವನು ಮಂಡಿಯನ್ನು ಗದ್ದಕ್ಕೆ ತಂದುಕೊಂಡು ಮುದ್ದೆಯಾದ.

ಸಂಕವ್ವ ಗದರಿದಳು. "ಯಾರ ಅಂಜಿಕೀಗೆ ಮುದುಡತೀ? ಚಾಚು."

ಅವನಿಗೆ ಧೈರ್ಯ ಸಾಲಲಿಲ್ಲ. ಅವಳೇ ಎರಡೂ ಕಾಲು ಹಿಡಿದು ಜಗ್ಗಿ ನೆಟ್ಟಗೆ ಮಾಡಿದಳು. ಮಗಳ ಅಳತೆಯ ಮಂಚ ಅವನಿಗೆ ಸಾಲದೆ ಹಿಮ್ಮಡಿ ಆಚೆ ಬಿತ್ತು. ಅವನು ಹಾಗೆಯೇ ನಿದ್ದೆ ಹೋದ. ಸಂಕವ್ವ ಅಲ್ಲೇ ಕೂತು ಆ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಬೆಚ್ಚಗಿದ್ದವು.

ಅವರೆಲ್ಲ ಅಲ್ಲಿ ಉದ್ದಕ್ಕೆ ಮಲಗಿ ಸುಖವಾಗಿದ್ದಾರೆ. ಇಲ್ಲಿ ಯಾರಾದರೂ ಮುದುಡಿ ಮಲಗಿದ್ದರೆ ಎಬ್ಬಿಸಿ ಕೇಳಿ, ಆ ಮಂಚ ಮಾಡಿದವರು ಯಾರೆಂದು.